ನಿವೃತ್ತರ ಹೆಸರಿನಲ್ಲಿ ಉಳಿದ ಆಬ್ಜೆಕ್ಟ್‌ಗಳು: ಎಎಸ್/400ರಲ್ಲಿ ಒಡೆತನ ಮತ್ತು ಯೂಸರ್ ಪ್ರೊಫೈಲ್ ಮಿತಿಗಳು

ಪ್ರಶ್ನೆ: ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಸಿಸ್ಟಂ ಅಡ್ಮಿನಿಸ್ಟ್ರೇಟರ್. ಸ್ಟೋರ್ಸ್, ಡಿಸ್ಪ್ಯಾಚ್, ಲೆಕ್ಕಪತ್ರ ಎಲ್ಲವೂ ಐಬಿಎಂ ಐ ಎಂಬ ಸರ್ವರ್ ಯಂತ್ರದ ಮೇಲೆ ನಡೆಯುತ್ತವೆ. ನಾವು ಇಂದಿಗೂ ಅದನ್ನು ಎಎಸ್/400 ಎಂದೇ ಕರೆಯುತ್ತೇವೆ. ಮೊದಲಿನಿಂದ ಪ್ರೋಗ್ರಾಂ ಬರೆದ ಹಿರಿಯರು ನಿವೃತ್ತರಾಗಿದ್ದಾರೆ. ಅವರ ಯೂಸರ್ ಪ್ರೊಫೈಲ್ (ಯಂತ್ರದಲ್ಲಿ ಒಬ್ಬ ಬಳಕೆದಾರನ ಖಾತೆ) ಅಳಿಸಲು ಹೋದರೆ, ಆಬ್ಜೆಕ್ಟ್‌ಗಳು (ಫೈಲ್, ಪ್ರೋಗ್ರಾಂ ಮುಂತಾದವು) ಅವರ ಒಡೆತನದಲ್ಲಿವೆ ಎಂದು ಯಂತ್ರ ನಿರಾಕರಿಸುತ್ತದೆ. ಡಿಸ್ಕ್‌ನಲ್ಲಿ ಜಾಗ ಸಾಕಷ್ಟಿದ್ದರೂ ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ವಿಭಾಗದ ಒಂದು ಜಾಬ್ (ಯಂತ್ರ ಓಡಿಸುವ ಕೆಲಸ) ಸಂಗ್ರಹದ ಮಿತಿ ಮೀರಿದೆ ಎಂಬ ಸಂದೇಶ ಕೊಟ್ಟು ನಿಲ್ಲುತ್ತದೆ. ಸೆಕ್ಯುರಿಟಿ ಡೇಟಾದ, ಅಂದರೆ ಪ್ರೊಫೈಲ್ ಮತ್ತು ಅಧಿಕಾರಗಳ ಮಾಹಿತಿಯ, ಬ್ಯಾಕಪ್ ವರ್ಷದಿಂದ ವರ್ಷಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದೆ. ಎಲ್ಲರ ಮಿತಿಯನ್ನೂ ತೆಗೆದುಹಾಕಿದರೆ ಸಾಕೇ? ಆ ಹಳೆಯ ಪ್ರೊಫೈಲನ್ನು ತೆಗೆಯುವ ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಬರೆದಿರುವ ಮೂರು ತೊಂದರೆಗಳ ಬೇರು ಒಂದೇ ಕಡೆ ಇದೆ. ನಿಮ್ಮ ಯಂತ್ರದಲ್ಲಿ ಆಬ್ಜೆಕ್ಟ್‌ಗಳ ಒಡೆತನ ವ್ಯಕ್ತಿಗಳ ಹೆಸರಿನಲ್ಲಿದೆ, ಅಪ್ಲಿಕೇಶನ್‌ಗಳ ಹೆಸರಿನಲ್ಲಿಲ್ಲ. ಆದರೆ ಮಿತಿಯ ವಿಷಯದಲ್ಲಿ ಎರಡು ಬೇರೆ ಬೇರೆ ಮಿತಿಗಳು ಸೇರಿಕೊಂಡಿವೆ. ಮೊದಲನೆಯದು ಸಂಗ್ರಹದ ಮಿತಿ, ಅಂದರೆ ಒಬ್ಬ ಬಳಕೆದಾರನ ಒಡೆತನದ ಆಬ್ಜೆಕ್ಟ್‌ಗಳು ಎಷ್ಟು ಕಿಲೋಬೈಟ್ ಜಾಗ ಹಿಡಿಯಬಹುದು ಎಂಬುದು. ಇದನ್ನು ನೀವೇ ಇಡುತ್ತೀರಿ, ನೀವೇ ತೆಗೆಯಬಹುದು. ಎರಡನೆಯದು ನಮೂದುಗಳ ಮಿತಿ, ಅಂದರೆ ಪ್ರೊಫೈಲ್ ಎಂಬ ಆಬ್ಜೆಕ್ಟ್‌ನ ಒಳಗೆ ಎಷ್ಟು ದಾಖಲೆಗಳು ಹಿಡಿಸುತ್ತವೆ ಎಂಬುದು. ಇದನ್ನು ಯಂತ್ರವೇ ನಿಗದಿ ಮಾಡಿದೆ; ಯಾವ ಆದೇಶದಿಂದಲೂ ಇದನ್ನು ಹಿಗ್ಗಿಸಲು ಬಾರದು. ಎಲ್ಲರ ಸಂಗ್ರಹ ಮಿತಿಯನ್ನು ತೆಗೆದುಹಾಕಿದರೆ ತಿಂಗಳ ಕೊನೆಯ ಜಾಬ್ ಓಡಬಹುದು, ಆದರೆ ಬ್ಯಾಕಪ್ ನಿಧಾನವಾಗುವುದು ನಿಲ್ಲುವುದಿಲ್ಲ, ಏಕೆಂದರೆ ಅದರ ಕಾರಣ ಎರಡನೆಯ ಲೆಕ್ಕದಲ್ಲಿದೆ.

ಒಡೆತನ ಎಂದರೇನು ಎಂಬುದರಿಂದ ಆರಂಭಿಸುವುದು ಒಳ್ಳೆಯದು. ಐಬಿಎಂ 1988ರಲ್ಲಿ ಎಎಸ್/400 ಬಿಡುಗಡೆ ಮಾಡಿದಾಗ ಅದರ ಹಿಂದೆ ಸಿಸ್ಟಂ/38 ಯಂತ್ರದ ವಿನ್ಯಾಸವಿತ್ತು, ಮತ್ತು ಆ ವಿನ್ಯಾಸದ ಮೂಲ ನಿಯಮ ಇಂದಿನ ಐಬಿಎಂ ಐ ಆವೃತ್ತಿಗಳಲ್ಲಿಯೂ ಬದಲಾಗಿಲ್ಲ: ಫೈಲ್, ಪ್ರೋಗ್ರಾಂ, ಲೈಬ್ರರಿ (ಆಬ್ಜೆಕ್ಟ್‌ಗಳನ್ನು ಇಡುವ ಜಾಗ), ಜರ್ನಲ್ ರಿಸೀವರ್ (ಡೇಟಾಬೇಸಿನ ಬದಲಾವಣೆಗಳನ್ನು ದಾಖಲಿಸಿಡುವಂಥದು), ಫೋಲ್ಡರಿನ ಪಿಡಿಎಫ್, ಹೀಗೆ ಯಂತ್ರದಲ್ಲಿರುವ ಪ್ರತಿಯೊಂದು ಆಬ್ಜೆಕ್ಟ್‌ಗೂ ಒಬ್ಬನೇ ಒಡೆಯನಿರುತ್ತಾನೆ, ಒಡೆಯನಿಲ್ಲದ ಆಬ್ಜೆಕ್ಟ್ ಇರುವುದಿಲ್ಲ. ಆಬ್ಜೆಕ್ಟ್ ಹುಟ್ಟಿದಾಗ ಒಡೆಯನಿಗೆ ಅದರ ಮೇಲೆ ಪೂರ್ಣ ಅಧಿಕಾರ ತಾನಾಗಿಯೇ ಬರುತ್ತದೆ. ಆ ಅಧಿಕಾರವನ್ನು ನೀವು ಕಿತ್ತುಕೊಂಡರೂ ಒಡೆಯ ಅದನ್ನು ತನಗೆ ತಾನೇ ಮತ್ತೆ ಕೊಟ್ಟುಕೊಳ್ಳಬಲ್ಲ. ನಿಮ್ಮ ಹಿರಿಯರು ತಮ್ಮ ಹೆಸರಿನಲ್ಲಿ ಸೈನ್‌ಆನ್ ಆಗಿ ಪ್ರೋಗ್ರಾಂ ಕಂಪೈಲ್ ಮಾಡುತ್ತ ಹೋದಂತೆ, ಸಹಜವಾಗಿಯೇ, ಇಡೀ ಕಾರ್ಖಾನೆಯ ಅಪ್ಲಿಕೇಶನ್ ಅವರ ಹೆಸರಿಗೆ ದಾಖಲಾಯಿತು. ಅಜ್ಜ ತೀರಿಕೊಂಡು ವರ್ಷಗಳಾದ ಮೇಲೂ ಹೊಲದ ಉತಾರ ಅವನ ಹೆಸರಿನಲ್ಲಿಯೇ ಇದ್ದರೆ ಉಳುಮೆಗೆ ಅಡ್ಡಿಯಾಗುವುದಿಲ್ಲ, ಸಾಲಕ್ಕೋ ಮಾರಾಟಕ್ಕೋ ಹೋದ ದಿನ ಮಾತ್ರ ಕೆಲಸ ನಿಲ್ಲುತ್ತದೆ. ನಿಮ್ಮ ಸ್ಥಿತಿಯೂ ಹಾಗೆಯೇ ಇದೆ.

ಈಗ ನಮೂದುಗಳ ಲೆಕ್ಕಕ್ಕೆ ಬರೋಣ. ಇದನ್ನು ಹೆಚ್ಚಿನ ಅಡ್ಮಿನಿಸ್ಟ್ರೇಟರ್‌ಗಳು ಎಂದೂ ನೋಡಿರುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಯೂಸರ್ ಪ್ರೊಫೈಲ್‌ನಲ್ಲಿ ನಾಲ್ಕು ಬಗೆಯ ನಮೂದುಗಳು ಸೇರುತ್ತವೆ: ಆ ಪ್ರೊಫೈಲ್ ಒಡೆತನದ ಪ್ರತಿ ಆಬ್ಜೆಕ್ಟ್‌ಗೆ ಒಂದು, ಬೇರೆಯವರ ಆಬ್ಜೆಕ್ಟ್ ಮೇಲೆ ಅದಕ್ಕೆ ಕೊಟ್ಟ ಪ್ರತಿ ಪ್ರೈವೇಟ್ ಅಥಾರಿಟಿಗೆ (ಹೆಸರು ಹಿಡಿದು ಕೊಟ್ಟ ಅಧಿಕಾರ) ಒಂದು, ಅದರ ಆಬ್ಜೆಕ್ಟ್‌ಗಳ ಮೇಲೆ ಬೇರೆಯವರಿಗೆ ಕೊಟ್ಟ ಪ್ರತಿ ಪ್ರೈವೇಟ್ ಅಥಾರಿಟಿಗೆ ಇನ್ನೊಂದು, ಅದು ಪ್ರೈಮರಿ ಗ್ರೂಪ್ (ಆಬ್ಜೆಕ್ಟ್‌ನ ಮುಖ್ಯ ಬಳಕೆದಾರ ಗುಂಪು) ಆಗಿರುವ ಪ್ರತಿ ಆಬ್ಜೆಕ್ಟ್‌ಗೆ ಮತ್ತೊಂದು. ಈ ನಾಲ್ಕರ ಒಟ್ಟು ಮೊತ್ತಕ್ಕೆ ಮಿತಿಯಿದೆ. ಹಳೆಯ ಆವೃತ್ತಿಗಳಲ್ಲಿ ಅದು 50 ಲಕ್ಷ ಇತ್ತು, ಈಚಿನ ಆವೃತ್ತಿಗಳಲ್ಲಿ 1 ಕೋಟಿ. ಕೋಟಿ ಎಂದೊಡನೆ ಅದು ನಮ್ಮಂಥ ಕಾರ್ಖಾನೆಗೆ ಎಂದಿಗೂ ಮುಟ್ಟದ ಸಂಖ್ಯೆ ಎನಿಸುತ್ತದೆ. ಹಾಗೆ ಭಾವಿಸಬಾರದು.

ಮೂರನೆಯ ಬಗೆಯನ್ನು ಗಮನಿಸಿ. 4,000 ಆಬ್ಜೆಕ್ಟ್‌ಗಳ ಒಡೆಯನೊಬ್ಬನಿದ್ದು, 180 ಬಳಕೆದಾರರಿಗೆ ಅವುಗಳ ಮೇಲೆ ಒಂದೊಂದಾಗಿ ಅಥಾರಿಟಿ ಕೊಟ್ಟಿದ್ದರೆ, ಒಡೆಯನ ಪ್ರೊಫೈಲ್‌ನಲ್ಲಿ ಒಡೆತನದ ನಮೂದುಗಳು 4,000 ಮಾತ್ರ. ಆದರೆ ಅಥಾರಿಟಿಯ ನಮೂದುಗಳು 7,20,000. ಆಬ್ಜೆಕ್ಟ್ ಎಷ್ಟು ದೊಡ್ಡದು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡೇಟಾ ಏರಿಯಾ ಎಂಬ ಒಂದು ಕಿಲೋಬೈಟಿನ ಪುಟ್ಟ ಆಬ್ಜೆಕ್ಟ್ ಮತ್ತು ಐವತ್ತು ಗಿಗಾಬೈಟಿನ ಫೈಲ್ ಈ ಲೆಕ್ಕದಲ್ಲಿ ಸಮಾನ.

ನಿಜವಾದ ಏರಿಕೆ ಕಾಣುವುದು ಇಂಟಿಗ್ರೇಟೆಡ್ ಫೈಲ್ ಸಿಸ್ಟಂನಲ್ಲಿ, ಅಂದರೆ ಫೋಲ್ಡರ್‌ಗಳಿರುವ ಭಾಗದಲ್ಲಿ. ಅಲ್ಲಿಯ ಪ್ರತಿಯೊಂದು ಫೈಲ್ ಒಂದು ಪೂರ್ಣ ಆಬ್ಜೆಕ್ಟ್. ನಿಮ್ಮ ಡಿಸ್ಪ್ಯಾಚ್ ವಿಭಾಗ ಪ್ರತಿ ಲಾರಿಗೆ ಇನ್‌ವಾಯ್ಸ್, ಇ-ವೇ ಬಿಲ್, ಪರೀಕ್ಷಾ ಪ್ರಮಾಣಪತ್ರ ಇವುಗಳ ಪಿಡಿಎಫ್ ಅಲ್ಲಿ ಇಡುತ್ತಿದೆ ಎಂದುಕೊಳ್ಳೋಣ. ದಿನಕ್ಕೆ 1,000 ಫೈಲ್, ವರ್ಷಕ್ಕೆ 300 ಕೆಲಸದ ದಿನ, ಅಂದರೆ 3 ಲಕ್ಷ ಫೈಲ್. ಆ ಫೋಲ್ಡರಿನ ಮೇಲೆ 20 ಜನರಿಗೆ ಪ್ರೈವೇಟ್ ಅಥಾರಿಟಿ ಇದ್ದರೆ, ತಾನಿರುವ ಫೋಲ್ಡರಿನಿಂದ ಅಥಾರಿಟಿ ಪಡೆಯುವ ರೀತಿಯಲ್ಲಿ ಹುಟ್ಟಿದ ಪ್ರತಿ ಫೈಲ್‌ಗೂ ಆ 20 ಅಥಾರಿಟಿಗಳು ನಕಲಾಗಿ ಬರುತ್ತವೆ. ಒಡೆಯನ ಪ್ರೊಫೈಲ್‌ನಲ್ಲಿ ಒಂದು ಫೈಲ್‌ಗೆ 21 ನಮೂದು, ವರ್ಷಕ್ಕೆ 63 ಲಕ್ಷ. ಕೋಟಿಯ ಮಿತಿ ಎರಡು ವರ್ಷ ತುಂಬುವ ಮೊದಲೇ ಮುಗಿಯುತ್ತದೆ. ಮಿತಿ ಮುಟ್ಟಿದ ದಿನ ಆ ಪ್ರೊಫೈಲ್ ಹೊಸ ಆಬ್ಜೆಕ್ಟ್ ಹೊಂದಲಾರದು. ರಾತ್ರಿ ಡಿಸ್ಪ್ಯಾಚ್ ನಡೆಯುತ್ತಿರುವಾಗ ಪಿಡಿಎಫ್ ಹುಟ್ಟದಿದ್ದರೆ ಹೆದ್ದಾರಿಗೆ ಇಳಿಯಬೇಕಾದ ಲಾರಿ ಗೇಟಿನಲ್ಲಿಯೇ ನಿಲ್ಲುತ್ತದೆ, ಮತ್ತು ಆ ಹೊತ್ತಿನಲ್ಲಿ ಡಿಸ್ಕ್‌ನ ಖಾಲಿ ಜಾಗವನ್ನು ನೋಡುತ್ತ ಕುಳಿತವರಿಗೆ ಕಾರಣವೇ ಹೊಳೆಯುವುದಿಲ್ಲ.

ಅದೇ ಫೋಲ್ಡರನ್ನು ಒಂದು ಆಥರೈಸೇಶನ್ ಲಿಸ್ಟ್‌ನಿಂದ (ಹಲವು ಆಬ್ಜೆಕ್ಟ್‌ಗಳಿಗೆ ಅನ್ವಯಿಸುವ, ಯಾರಿಗೆ ಯಾವ ಅಧಿಕಾರ ಎಂಬ ಒಂದೇ ಪಟ್ಟಿ) ರಕ್ಷಿಸಿ, 20 ಜನರನ್ನು ಆ ಲಿಸ್ಟ್‌ಗೆ ಸೇರಿಸಿ, ಫೋಲ್ಡರ್ ಮೇಲಿನ ಒಂದೊಂದು ಪ್ರೈವೇಟ್ ಅಥಾರಿಟಿಯನ್ನು ತೆಗೆದರೆ, ಹೊಸ ಫೈಲ್‌ಗೆ ಒಡೆಯನ ಕಡೆ ಒಂದೇ ನಮೂದು ಉಳಿಯುತ್ತದೆ. 63 ಲಕ್ಷ 3 ಲಕ್ಷಕ್ಕೆ ಇಳಿಯುತ್ತದೆ. ಒಂದು ಲಿಸ್ಟ್ ಎಷ್ಟು ಆಬ್ಜೆಕ್ಟ್ ರಕ್ಷಿಸಬಹುದು ಎಂಬುದಕ್ಕೂ ತನ್ನದೇ ಮಿತಿಯಿರುವುದರಿಂದ, ವಿಭಾಗಕ್ಕೊಂದು ಅಥವಾ ಆರ್ಥಿಕ ವರ್ಷಕ್ಕೊಂದು ಲಿಸ್ಟ್ ಇಡುವುದು ಜಾಣತನ. ಹಳೆಯ ಫೈಲ್‌ಗಳ ಮೇಲಿನ ಅಥಾರಿಟಿಗಳು ತಾವಾಗಿಯೇ ಹೋಗುವುದಿಲ್ಲ. ಅವನ್ನು ಉಪಫೋಲ್ಡರ್‌ಗಳ ಸಮೇತ ಬದಲಿಸಬೇಕು, ಮತ್ತು ಲಕ್ಷಗಟ್ಟಲೆ ಫೈಲ್ ಇದ್ದಲ್ಲಿ ಆ ಕೆಲಸ ಗಂಟೆಗಳನ್ನು ತಿನ್ನುತ್ತದೆ ಎಂಬುದು ನೆನಪಿರಲಿ.

ನಿಮ್ಮ ಬ್ಯಾಕಪ್ ಏಕೆ ನಿಧಾನವಾಗುತ್ತಿದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ಸೇವ್ ಸೆಕ್ಯುರಿಟಿ ಡೇಟಾ ಆದೇಶ ಪ್ರೊಫೈಲ್‌ಗಳನ್ನೂ ಅವುಗಳ ಪ್ರೈವೇಟ್ ಅಥಾರಿಟಿಗಳನ್ನೂ ಉಳಿಸುತ್ತದೆ. ಅಥಾರಿಟಿ ಹೆಚ್ಚಿದಷ್ಟೂ ಹೊತ್ತು ಹೆಚ್ಚು. ಇದಕ್ಕಿಂತ ಚಿಂತೆಯ ವಿಷಯವೆಂದರೆ, ಯಂತ್ರ ಕೆಟ್ಟು ಎಲ್ಲವನ್ನೂ ಮರಳಿ ತರಬೇಕಾದ ದಿನ ಪ್ರೊಫೈಲ್, ಆಮೇಲೆ ಆಬ್ಜೆಕ್ಟ್, ಕೊನೆಗೆ ರಿಸ್ಟೋರ್ ಅಥಾರಿಟಿ ಎಂಬ ಕ್ರಮದಲ್ಲಿ ಹೋಗಬೇಕಾಗುತ್ತದೆ, ಮತ್ತು ಆ ಕೊನೆಯ ಹಂತ ಪ್ರತಿ ಅಥಾರಿಟಿಯನ್ನೂ ಮತ್ತೆ ಕೊಡುತ್ತ ಹೋಗುತ್ತದೆ. ಕಾರ್ಖಾನೆ ನಿಂತಿರುವಾಗ ಆ ಕಾಯುವಿಕೆಯ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನೂರಾರು ಜಾಬ್‌ಗಳು ಒಂದೇ ಪ್ರೊಫೈಲ್‌ನ ಒಡೆತನದಲ್ಲಿ ಆಬ್ಜೆಕ್ಟ್ ಸೃಷ್ಟಿಸಿ ಅಳಿಸುತ್ತಿದ್ದರೆ, ಅವೆಲ್ಲ ಆ ಒಂದು ಪ್ರೊಫೈಲ್‌ಗಾಗಿ ಸರದಿ ಕಾಯುವುದರಿಂದ ದೈನಂದಿನ ವೇಗವೂ ಕುಗ್ಗುತ್ತದೆ.

ಆದ್ದರಿಂದ ಏನನ್ನಾದರೂ ಬದಲಿಸುವ ಮೊದಲು ಪ್ರಿಂಟ್ ಪ್ರೊಫೈಲ್ ಇಂಟರ್ನಲ್ಸ್ ಆದೇಶವನ್ನು ಓಡಿಸಿ. ಯಾವ ಪ್ರೊಫೈಲ್‌ನಲ್ಲಿ ಎಷ್ಟು ನಮೂದುಗಳಿವೆ ಎಂಬುದನ್ನು ಅದು ಅಚ್ಚು ಹಾಕಿ ಕೊಡುತ್ತದೆ. ತಿಂಗಳಿಗೊಮ್ಮೆ ಅದನ್ನು ತೆಗೆದು ಒಂದು ಕಡೆ ಇಟ್ಟರೆ ಏರುವ ವೇಗ ತಿಳಿಯುತ್ತದೆ. ಇಂದಿನ ಸಂಖ್ಯೆಗಿಂತ ಆ ವೇಗವೇ ಮುಖ್ಯ. ಒಡೆತನದ ಪಟ್ಟಿಗೆ ವರ್ಕ್ ವಿತ್ ಆಬ್ಜೆಕ್ಟ್ಸ್ ಬೈ ಓನರ್ ಇದೆ. ಪಟ್ಟಿ ಉದ್ದವಾಗಿದ್ದರೆ ಡಿಸ್ಪ್ಲೇ ಯೂಸರ್ ಪ್ರೊಫೈಲ್‌ನ ಒಡೆತನದ ವಿವರವನ್ನು ಔಟ್‌ಫೈಲ್‌ಗೆ (ಫಲಿತಾಂಶ ಬರೆಯುವ ಫೈಲ್) ಕಳಿಸಿ ಎಸ್‌ಕ್ಯೂಎಲ್‌ನಿಂದ ಲೈಬ್ರರಿವಾರು ಎಣಿಸಬಹುದು.

ಇನ್ನು ಸಂಗ್ರಹದ ಮಿತಿ. ನಿಮ್ಮ ತಿಂಗಳ ಕೊನೆಯ ಜಾಬ್ ಕೊಟ್ಟ ಸಂದೇಶ ಬಹುಶಃ ಸಿಪಿಎಫ್ 9838 ಇರಬೇಕು. ಯೂಸರ್ ಪ್ರೊಫೈಲ್‌ನ ಸಂಗ್ರಹ ಮಿತಿ ಮೀರಿದೆ ಎಂಬುದೇ ಅದರ ಅರ್ಥ. ಡಿಸ್ಕ್‌ನಲ್ಲಿ ಜಾಗವಿದೆಯೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಪ್ರೊಫೈಲ್‌ನಲ್ಲಿ ಮ್ಯಾಕ್ಸಿಮಮ್ ಸ್ಟೋರೇಜ್ ಎಂಬ ಅಂಶವಿದ್ದು, ಸಾಮಾನ್ಯವಾಗಿ ಅದು ಸ್ಟಾರ್ ನೋಮ್ಯಾಕ್ಸ್ (*NOMAX) ಆಗಿರುತ್ತದೆ, ಅಂದರೆ ಮಿತಿಯಿಲ್ಲ. ಯಾರೋ ಹಿಂದೊಮ್ಮೆ ಡಿಸ್ಕ್ ಕಡಿಮೆಯಿದ್ದ ಕಾಲದಲ್ಲಿ ಲೆಕ್ಕಪತ್ರ ವಿಭಾಗದ ಪ್ರೊಫೈಲ್‌ಗೆ ಸಂಖ್ಯೆಯೊಂದನ್ನು ಹಾಕಿರಬೇಕು.

ಈ ಮಿತಿ ಯಾವುದನ್ನು ಎಣಿಸುತ್ತದೆ ಎಂಬುದರಲ್ಲಿ ಹಲವರು ತಪ್ಪುತ್ತಾರೆ. ಜಾಬ್ ನಡೆಯುವಾಗ ಕ್ಯೂಟೆಂಪ್ ಎಂಬ ಆ ಜಾಬ್‌ನ ತಾತ್ಕಾಲಿಕ ಲೈಬ್ರರಿಯಲ್ಲಿ ಹುಟ್ಟುವ ವರ್ಕ್ ಫೈಲ್‌ಗಳೂ ಅದರಲ್ಲಿ ಸೇರುತ್ತವೆ. ಆದ್ದರಿಂದಲೇ ದಿನವಿಡೀ ಏನೂ ಆಗದ ಪ್ರೊಫೈಲ್, ಇಡೀ ತಿಂಗಳ ವಹಿವಾಟನ್ನು ಒಮ್ಮೆಗೇ ವರ್ಕ್ ಫೈಲ್‌ಗೆ ಸುರಿಯುವ ಆ ಒಂದು ರಾತ್ರಿ ಮಿತಿ ಮೀರುತ್ತದೆ, ಮತ್ತು ಜಾಬ್ ಮುಗಿದು ಕ್ಯೂಟೆಂಪ್ ಖಾಲಿಯಾದ ಮೇಲೆ ಬೆಳಿಗ್ಗೆ ನೋಡಿದರೆ ಕುರುಹೇ ಇರುವುದಿಲ್ಲ. ಲೈಬ್ರರಿಯ ಒಡೆಯನಿಗೆ, ಅದರಲ್ಲಿರುವ ಆಬ್ಜೆಕ್ಟ್‌ಗಳು ಬೇರೆಯವರದಾಗಿದ್ದರೂ ಅವುಗಳ ವಿವರಣೆಗೆ ಬೇಕಾದ ಜಾಗ ಜಮೆಯಾಗುತ್ತದೆ. ರಿಸ್ಟೋರ್ ಮಾಡುವವನಿಗೆ, ಆಬ್ಜೆಕ್ಟ್ ನಿಜವಾದ ಒಡೆಯನಿಗೆ ಸೇರುವ ತನಕ, ಆ ಜಾಗ ತಾತ್ಕಾಲಿಕವಾಗಿ ಜಮೆಯಾಗುತ್ತದೆ. ಸೃಷ್ಟಿಸಿದ ಆಬ್ಜೆಕ್ಟ್ ಗ್ರೂಪ್‌ಗೆ ಸೇರಲಿ ಎಂದು ಪ್ರೊಫೈಲ್‌ನಲ್ಲಿ ಬರೆದಿದ್ದರೂ, ವರ್ಗಾವಣೆಗೆ ಮೊದಲು ಸೃಷ್ಟಿಸಿದವನ ಮಿತಿಯಲ್ಲಿ ಜಾಗವಿರಲೇಬೇಕು. ಎಲ್ಲಕ್ಕಿಂತ ಅಪಾಯಕಾರಿಯಾದುದು ಜರ್ನಲ್ ರಿಸೀವರ್: ಅದು ಬೆಳೆದಂತೆಲ್ಲ ಅದರ ಒಡೆಯನ ಲೆಕ್ಕ ಏರುತ್ತದೆ, ಮತ್ತು ಒಬ್ಬ ನಿವೃತ್ತರ ಹೆಸರಿನಲ್ಲಿ ಸಕ್ರಿಯ ರಿಸೀವರ್ ಇದ್ದು ಅವರ ಪ್ರೊಫೈಲ್‌ಗೆ ಮಿತಿಯಿದ್ದರೆ, ಒಂದು ದಿನ ಇಡೀ ಡೇಟಾಬೇಸಿನ ದಾಖಲಾತಿಯೇ ಸಿಕ್ಕಿಹಾಕಿಕೊಳ್ಳಬಹುದು.

ಈ ಕಾರಣದಿಂದ ನನ್ನ ಸಲಹೆ ಇಷ್ಟು. ಅಪ್ಲಿಕೇಶನ್‌ಗಳ ಒಡೆಯ ಪ್ರೊಫೈಲ್, ಜರ್ನಲ್ ರಿಸೀವರ್‌ಗಳ ಒಡೆಯ, ರಿಸ್ಟೋರ್ ಮಾಡುವ ಆಪರೇಟರ್, ತಿಂಗಳ ಕೊನೆಯ ಜಾಬ್ ಓಡಿಸುವ ಪ್ರೊಫೈಲ್, ಇವರಿಗೆಲ್ಲ ಸ್ಟಾರ್ ನೋಮ್ಯಾಕ್ಸ್ ಇರಲಿ. ತಾವೇ ಕ್ವೆರಿ ಬರೆದು ಫಲಿತಾಂಶವನ್ನು ಫೈಲ್‌ಗಳಲ್ಲಿ ಉಳಿಸಿಕೊಳ್ಳುವ ಬಳಕೆದಾರರಿಗೆ ಮತ್ತು ಪರೀಕ್ಷಾ ಲೈಬ್ರರಿಗಳಲ್ಲಿ ಕೆಲಸ ಮಾಡುವ ಡೆವಲಪರ್‌ಗಳಿಗೆ ಮಿತಿ ಇಡುವುದು ನ್ಯಾಯವಾದದ್ದು, ಏಕೆಂದರೆ ಅಲ್ಲಿ ಅದು ನಿಜವಾಗಿಯೂ ತಡೆಯುತ್ತದೆ. ಎಸ್‌ಕ್ಯೂಎಲ್ ಬಳಸುತ್ತಿದ್ದರೆ ಕ್ಯೂಸಿಸ್2 ಲೈಬ್ರರಿಯ ಯೂಸರ್ ಸ್ಟೋರೇಜ್ ಎಂಬ ವ್ಯೂ ಪ್ರತಿ ಪ್ರೊಫೈಲ್‌ನ ಮಿತಿಯನ್ನೂ ಬಳಕೆಯನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತದೆ. ತಿಂಗಳ ಕೊನೆಯ ಜಾಬ್ ನಡೆಯುತ್ತಿರುವಾಗಲೇ ಅದನ್ನು ನೋಡಿ, ಮುಗಿದ ಮೇಲಲ್ಲ.

ಇಲ್ಲಿಂದ ಒಡೆತನದ ವರ್ಗಾವಣೆಗೆ ಬರುತ್ತೇನೆ. ಡಿಲೀಟ್ ಯೂಸರ್ ಪ್ರೊಫೈಲ್ ಆದೇಶದಲ್ಲಿ ಒಡೆತನದ ಆಬ್ಜೆಕ್ಟ್‌ಗಳನ್ನು ಏನು ಮಾಡಬೇಕು ಎಂಬ ಆಯ್ಕೆಗೆ ಮೂರು ಉತ್ತರಗಳಿವೆ. ನೀವೇನೂ ಹೇಳದಿದ್ದರೆ, ಆಬ್ಜೆಕ್ಟ್ ಇದ್ದಲ್ಲಿ ಪ್ರೊಫೈಲ್ ಅಳಿಸುವುದಿಲ್ಲ. ನಿಮಗೆ ಬಂದದ್ದು ಈ ನಿರಾಕರಣೆ. ಸ್ಟಾರ್ ಡಿಎಲ್‌ಟಿ ಎಂದರೆ ಪ್ರೊಫೈಲ್ ಜೊತೆಗೆ ಆಬ್ಜೆಕ್ಟ್‌ಗಳನ್ನೂ ಅಳಿಸುತ್ತದೆ. ನಿಮ್ಮಲ್ಲಿ ಅದರ ಅರ್ಥ ಕಾರ್ಖಾನೆಯ ಪ್ರೋಗ್ರಾಂ ಮತ್ತು ಮಾಸ್ಟರ್ ಫೈಲ್‌ಗಳು ಹೋದವು ಎಂದೇ, ಆದ್ದರಿಂದ ಆ ಆಯ್ಕೆಯನ್ನು ಯಾರೂ ಮುಟ್ಟಬಾರದು, ಹೊಸದಾಗಿ ಸೇರಿದ ಆಪರೇಟರ್‌ಗೆ ಇದನ್ನು ಬರೆದೇ ಕೊಡಿ. ಮೂರನೆಯದು ಎಲ್ಲವನ್ನೂ ಇನ್ನೊಂದು ಪ್ರೊಫೈಲ್‌ಗೆ ವರ್ಗಾಯಿಸುತ್ತದೆ. ಅದು ಸುಲಭವೆಂದು ಕಾಣುತ್ತದೆ, ಆದರೆ ಸ್ಟೋರ್ಸ್, ಲೆಕ್ಕಪತ್ರ, ಅವರ ಸ್ವಂತದ ಪರೀಕ್ಷಾ ಫೈಲ್‌ಗಳು ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಇಂದಿನ ಗೊಂದಲವನ್ನು ಹೊಸ ಹೆಸರಿನಲ್ಲಿ ಮುಂದುವರಿಸುತ್ತದೆ.

ಸರಿಯಾದ ದಾರಿ ಎಂದರೆ ಅಪ್ಲಿಕೇಶನ್‌ಗೆ ಒಂದರಂತೆ ಒಡೆಯ ಪ್ರೊಫೈಲ್ ಸೃಷ್ಟಿಸುವುದು: ಸ್ಟೋರ್ಸ್‌ಗೆ ಒಂದು, ಡಿಸ್ಪ್ಯಾಚ್‌ಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಇವುಗಳ ಪಾಸ್‌ವರ್ಡ್ ಸ್ಟಾರ್ ನನ್ ಇರಲಿ, ಅಂದರೆ ಆ ಹೆಸರಿನಲ್ಲಿ ಯಾರೂ ಸೈನ್‌ಆನ್ ಆಗಲಾರರು. ವಿಶೇಷ ಅಧಿಕಾರ ಯಾವುದೂ ಬೇಡ. ಅವನ್ನು ಯಾರ ಗ್ರೂಪ್ ಪ್ರೊಫೈಲ್ ಆಗಿಯೂ ಇಡಬೇಡಿ. ಗ್ರೂಪ್ ಒಡೆಯನಾದರೆ ಅದರ ಸದಸ್ಯರೆಲ್ಲರಿಗೂ ಒಡೆಯನ ಅಧಿಕಾರ ಸಿಗುತ್ತದೆ, ಮತ್ತು ಗೋದಾಮಿನ ಗುಮಾಸ್ತನೊಬ್ಬ ಮಾಸ್ಟರ್ ಫೈಲನ್ನೇ ಅಳಿಸಬಲ್ಲವನಾಗುತ್ತಾನೆ. ಇದೇ ಕಾರಣಕ್ಕೆ ಕ್ಯೂಸೆಕ್‌ಒಎಫ್‌ಆರ್, ಕ್ಯೂಪಿಜಿಎಂಆರ್ ಮುಂತಾಗಿ ಐಬಿಎಂ ಯಂತ್ರದ ಜೊತೆಗೆ ಕೊಡುವ ಪ್ರೊಫೈಲ್‌ಗಳ ಹೆಸರಿಗೆ ನಿಮ್ಮ ಅಪ್ಲಿಕೇಶನ್ ಬರೆಯುವುದೂ ಸಲ್ಲದು.

ವರ್ಗಾಯಿಸುವ ಮೊದಲು ಒಂದು ಪರೀಕ್ಷೆ ಕಡ್ಡಾಯ. ಕೆಲವು ಪ್ರೋಗ್ರಾಂಗಳು ತಮ್ಮ ಒಡೆಯನ ಅಧಿಕಾರವನ್ನು ಎರವಲು ಪಡೆದು ಓಡುವಂತೆ ಕಂಪೈಲ್ ಆಗಿರುತ್ತವೆ. ಅಂಥ ಪ್ರೋಗ್ರಾಂನ ಒಡೆಯ ಬದಲಾದರೆ, ಅದು ಓಡುವಾಗ ಪಡೆಯುವ ಅಧಿಕಾರವೂ ಬದಲಾಗುತ್ತದೆ. ನಿಮ್ಮ ಹಿರಿಯರ ಪ್ರೊಫೈಲ್‌ಗೆ ಎಲ್ಲ ಆಬ್ಜೆಕ್ಟ್‌ಗಳ ಮೇಲೆ ಅಧಿಕಾರ ಕೊಡುವ ಸ್ಟಾರ್ ಆಲ್‌ಒಬಿಜೆ ಇದ್ದಿದ್ದರೆ, ಆ ಪ್ರೋಗ್ರಾಂಗಳು ವರ್ಷಗಳಿಂದ ಆ ಬಲದ ಮೇಲೆಯೇ ಓಡುತ್ತಿರಬಹುದು. ಸಾಮಾನ್ಯ ಒಡೆಯನಿಗೆ ವರ್ಗಾಯಿಸಿದ ಮರುದಿನ ಅಧಿಕಾರವಿಲ್ಲ ಎಂದು ಅವು ನಿಲ್ಲುತ್ತವೆ. ಡಿಸ್ಪ್ಲೇ ಪ್ರೋಗ್ರಾಮ್ಸ್ ದಟ್ ಅಡಾಪ್ಟ್ ಆದೇಶಕ್ಕೆ ಅವರ ಹೆಸರು ಕೊಟ್ಟರೆ ಪಟ್ಟಿ ಬರುತ್ತದೆ. ಆ ಪಟ್ಟಿಯ ಪ್ರತಿ ಪ್ರೋಗ್ರಾಂ ಯಾವ ಫೈಲ್ ಮುಟ್ಟುತ್ತದೆ ಎಂದು ನೋಡಿ, ಆ ಫೈಲ್‌ಗಳೂ ಅದೇ ಹೊಸ ಒಡೆಯನದಾಗುವಂತೆ ಗುಂಪು ಮಾಡಿ. ಹೊಸ ಒಡೆಯನಿಗೆ ಸ್ಟಾರ್ ಆಲ್‌ಒಬಿಜೆ ಕೊಟ್ಟು ಸುಮ್ಮನಾಗುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಭದ್ರತೆಯ ಆ ತೂತನ್ನು ಮುಚ್ಚಲು ಮತ್ತೊಂದು ಅವಕಾಶ ಬೇಗ ಸಿಗುವುದಿಲ್ಲ.

ಲೈಬ್ರರಿಗಳಲ್ಲಿರುವವಕ್ಕೆ ಚೇಂಜ್ ಆಬ್ಜೆಕ್ಟ್ ಓನರ್, ಫೋಲ್ಡರ್‌ಗಳಲ್ಲಿರುವವಕ್ಕೆ ಚೇಂಜ್ ಓನರ್ ಆದೇಶ. ಎರಡರಲ್ಲಿಯೂ ಹಳೆಯ ಒಡೆಯನ ಅಧಿಕಾರವನ್ನು ಹಿಂತೆಗೆಯುವ ಆಯ್ಕೆಯನ್ನೇ ಬಳಸಿ. ಅದನ್ನು ಹಾಗೆಯೇ ಉಳಿಸಿದರೆ ಹಳೆಯ ಒಡೆಯನಿಗೆ ಪ್ರತಿ ಆಬ್ಜೆಕ್ಟ್ ಮೇಲೆ ಪ್ರೈವೇಟ್ ಅಥಾರಿಟಿ ಉಳಿಯುತ್ತದೆ, ಅಂದರೆ ಎರಡೂ ಪ್ರೊಫೈಲ್‌ಗಳಲ್ಲಿ ಹೊಸ ನಮೂದುಗಳು ಹುಟ್ಟುತ್ತವೆ. ನಾವು ಇಳಿಸಲು ಹೊರಟ ಲೆಕ್ಕವೇ ಏರಿದಂತಾಗುತ್ತದೆ. ಬಳಕೆಯಲ್ಲಿರುವ ಫೈಲ್ ಮೇಲೆ ಆದೇಶ ವಿಫಲವಾಗಬಹುದಾದ್ದರಿಂದ ಎಲ್ಲ ಜಾಬ್ ನಿಲ್ಲುವ ಹೊತ್ತು ಬೇಕು. ಆಯುಧಪೂಜೆ ಅಥವಾ ದೀಪಾವಳಿಯ ರಜೆ ಇದಕ್ಕೆ ತಕ್ಕ ಸಮಯ. ಒಂದೊಂದು ರಜೆಗೆ ಒಂದೊಂದು ಅಪ್ಲಿಕೇಶನ್ ಮುಗಿಸಿ. ಎಲ್ಲವನ್ನೂ ಒಂದೇ ರಾತ್ರಿ ಮಾಡುವ ಅಗತ್ಯವಿಲ್ಲ.

ನಿಮ್ಮಲ್ಲಿ ಹುಬ್ಬಳ್ಳಿಯಲ್ಲೋ ಬೇರೆ ಊರಿನಲ್ಲೋ ಬ್ಯಾಕಪ್ ಯಂತ್ರವಿದ್ದರೆ, ಹೊಸ ಪ್ರೊಫೈಲ್‌ಗಳು ಮೊದಲು ಅಲ್ಲಿ ಇರಬೇಕು. ಒಡೆಯನ ಪ್ರೊಫೈಲ್ ಇಲ್ಲದ ಯಂತ್ರಕ್ಕೆ ಆಬ್ಜೆಕ್ಟ್ ರಿಸ್ಟೋರ್ ಆದರೆ ಅದು ಕ್ಯೂಡಿಎಫ್‌ಟಿಓನ್ ಎಂಬ ವ್ಯವಸ್ಥೆಯ ಪ್ರೊಫೈಲ್‌ಗೆ ಸೇರುತ್ತದೆ. ಆ ಪ್ರೊಫೈಲ್‌ನ ಹೆಸರಿನಲ್ಲಿ ನಿಮ್ಮ ಲೈಬ್ರರಿಗಳು ಕಂಡರೆ ಎಲ್ಲೋ ಕ್ರಮ ತಪ್ಪಿದೆ ಎಂದೇ ತಿಳಿಯಿರಿ. ಎರಡು ಯಂತ್ರಗಳಲ್ಲಿ ಒಂದೇ ಆಬ್ಜೆಕ್ಟ್‌ಗೆ ಬೇರೆ ಬೇರೆ ಒಡೆಯರಿದ್ದರೂ ರಿಸ್ಟೋರ್ ತಕರಾರು ಮಾಡುತ್ತದೆ.

ಹಳೆಯವು ಸರಿಯಾದರೂ ಹೊಸವು ಮತ್ತೆ ವ್ಯಕ್ತಿಗಳ ಹೆಸರಿನಲ್ಲಿ ಹುಟ್ಟುತ್ತಲೇ ಇದ್ದರೆ ಶ್ರಮ ವ್ಯರ್ಥ. ಡೆವಲಪರ್‌ಗಳು ತಮ್ಮ ಲೈಬ್ರರಿಯಲ್ಲಿ ಕಂಪೈಲ್ ಮಾಡಲಿ. ಪ್ರೊಡಕ್ಷನ್‌ಗೆ ಒಯ್ಯುವ ಕೆಲಸವನ್ನು ಒಂದು ಸಿಎಲ್ (ಯಂತ್ರದ ಆದೇಶಗಳ ಭಾಷೆ) ಪ್ರೋಗ್ರಾಂ ಮಾಡಲಿ, ಮತ್ತು ಒಡೆಯನನ್ನು ಬದಲಿಸುವುದು, ಆಥರೈಸೇಶನ್ ಲಿಸ್ಟ್ ಹಚ್ಚುವುದು ಆ ಪ್ರೋಗ್ರಾಂನ ಭಾಗವೇ ಆಗಿರಲಿ. ವಾರಕ್ಕೊಮ್ಮೆ ಪ್ರೊಡಕ್ಷನ್ ಲೈಬ್ರರಿಗಳಲ್ಲಿ ಬೇರೆ ಒಡೆಯರ ಆಬ್ಜೆಕ್ಟ್ ಇದೆಯೇ ಎಂದು ಎಣಿಸುವ ಚಿಕ್ಕ ಕ್ವೆರಿಯನ್ನು ಜಾಬ್ ಶೆಡ್ಯೂಲರ್‌ಗೆ ಹಾಕಿಡಿ.

ಕೊನೆಯದಾಗಿ ನಿವೃತ್ತರ ಪ್ರೊಫೈಲ್. ಅದರ ಒಡೆತನದ ಪಟ್ಟಿ ಖಾಲಿಯಾದ ದಿನವೇ ಅಳಿಸಬೇಡಿ. ಪಾಸ್‌ವರ್ಡನ್ನು ಸ್ಟಾರ್ ನನ್ ಮಾಡಿ, ಸ್ಥಿತಿಯನ್ನು ಡಿಸೇಬಲ್ಡ್ ಮಾಡಿ, ಜಾಬ್ ಡಿಸ್ಕ್ರಿಪ್ಶನ್‌ಗಳಲ್ಲಿ ಮತ್ತು ಜಾಬ್ ಶೆಡ್ಯೂಲರ್‌ನಲ್ಲಿ ಅವರ ಹೆಸರು ಉಳಿದಿದೆಯೇ ಎಂದು ಹುಡುಕಿ. ಮಾರ್ಚ್ 31ರ ವರ್ಷಾಂತ್ಯದ ಮುಕ್ತಾಯ ಜಾಬ್ ಒಮ್ಮೆ ತೊಂದರೆಯಿಲ್ಲದೆ ಮುಗಿಯುವ ತನಕ ಆ ಪ್ರೊಫೈಲ್ ಹಾಗೆಯೇ ಇರಲಿ, ಏಕೆಂದರೆ ವರ್ಷಕ್ಕೊಮ್ಮೆ ಮಾತ್ರ ಓಡುವ ಪ್ರೋಗ್ರಾಂಗಳಲ್ಲಿ ಹಳೆಯ ಹೆಸರುಗಳು ಅಡಗಿರುವುದು ಹೆಚ್ಚು. ಆ ಬಳಿಕ ಸೆಕ್ಯುರಿಟಿ ಡೇಟಾದ ಒಂದು ಬ್ಯಾಕಪ್ ತೆಗೆದು, ಒಡೆತನದ ಆಯ್ಕೆಯನ್ನು ಇದ್ದಂತೆಯೇ ಬಿಟ್ಟು ಅಳಿಸುವ ಆದೇಶ ಕೊಡಿ. ಪಟ್ಟಿಯಲ್ಲಿ ಏನಾದರೂ ಉಳಿದಿದ್ದರೆ ಯಂತ್ರ ಈ ಬಾರಿಯೂ ನಿರಾಕರಿಸುತ್ತದೆ, ಮತ್ತು ಉಳಿದ ಆ ಒಂದೆರಡು ಆಬ್ಜೆಕ್ಟ್‌ಗಳು ಯಾವುವು ಎಂದು ನೋಡಿ ಅವುಗಳ ಅಪ್ಲಿಕೇಶನ್‌ನ ಒಡೆಯನಿಗೆ ಸೇರಿಸಿದ ಮೇಲೆ ಆದೇಶವನ್ನು ಮತ್ತೊಮ್ಮೆ ಕೊಟ್ಟರಾಯಿತು.